ಮನೆಯ ಚಲಚ್ಚಿತ್ರಗಳ ಜೀರ್ಣೋದ್ಧಾರ

ಗೃಹಸ್ಥನಾದವನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳತಕ್ಕ ವಸ್ತುಗಳು ಯಾವುವೆಂದು ಕೇಳಿದರೆ, ಹೊಲಮನೆಗಳ ಕಾಗದಪತ್ರಗಳು, ಒಡವೆಗಳು, ಹಿರಿಯರ ಕಾಲದ ತಾಮ್ರ ಹಿತ್ತಾಳೆಯ ಪಾತ್ರೆಗಳು, ಓಲೆಗರಿಯ ಕಟ್ಟುಗಳು ಎಂಬ ಉತ್ತರವು ಥಟ್ಟನೆ ಬರುವುದು. ಆದರೆ ಕೆಲವು ಮನೆಗಳ ಅಟ್ಟದ ಮೇಲೂ ಹಳೆಯ ಟ್ರಂಕುಗಳ ತಳದಲ್ಲಿಯೂ ಈ ಪಟ್ಟಿಗೆ ಸೇರದ ಇನ್ನೊಂದು ಆಸ್ತಿಯುಂಟು. ಅಂಗೈಯಗಲದ ಒಂದು ತಗಡಿನ ಡಬ್ಬಿ. ಅದರೊಳಗೆ ಸುತ್ತಿಟ್ಟ ಫಿಲ್ಮಿನ ಸುರುಳಿ. ತಾತನ ಷಷ್ಟ್ಯಬ್ದಿಪೂರ್ತಿ, ಅಕ್ಕನ ಮದುವೆ, ಮಗುವಿನ ಅನ್ನಪ್ರಾಶನ, ಇವುಗಳಲ್ಲಿ ಯಾವುದೋ ಒಂದು ಅದರಲ್ಲಿ ಅಡಗಿದೆಯೆಂದು ಮನೆಯವರಿಗೆ ಅಸ್ಪಷ್ಟವಾಗಿ ಗೊತ್ತು. ತೋರಿಸುವ ಯಂತ್ರವು ಕೆಟ್ಟು ಬಹುಕಾಲವಾಯಿತು. ಆದಕಾರಣ ಡಬ್ಬಿಯು ಮುಚ್ಚಿದಂತೆಯೇ ಇರುವುದು. ಮುಚ್ಚಿದ ಡಬ್ಬಿಯಲ್ಲಿ ವಸ್ತುವು ಸುಖವಾಗಿದೆಯೆಂದು ನಾವು ಭಾವಿಸುವೆವು. ಸಂಗತಿಯು ಹಾಗಿಲ್ಲ, ಅದು ಪ್ರತಿವರ್ಷವೂ ಸ್ವಲ್ಪ ಸ್ವಲ್ಪವಾಗಿ ನಶಿಸುತ್ತಿದೆ. ಅಂತಹ ಸುರುಳಿಯನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಿಕೊಳ್ಳುವುದು ಹೇಗೆ, ಉಳಿಸುವಾಗ ಯಾವುದನ್ನು ಕಳೆದುಕೊಳ್ಳಬಾರದು ಎಂಬ ವಿಷಯವನ್ನು ನಮಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುವೆವು.

ಮನೆಯ ಚಿತ್ರವು ಬಂದ ಬಗೆ

ಸಾಮಾನ್ಯ ಗೃಹಸ್ಥರು ತಾವೇ ಚಲಚ್ಚಿತ್ರವನ್ನು ತೆಗೆಯುವ ಅನುಕೂಲವು ಒದಗಿ ಈಗ ನೂರು ವರ್ಷಗಳಾದುವು. ೧೯೨೨ರಲ್ಲಿ ಫ್ರಾನ್ಸ್ ದೇಶದ ಪಾಥೆ ಕಂಪೆನಿಯವರು ಒಂಬತ್ತೂವರೆ ಮಿಲಿಮೀಟರ್ ಅಗಲದ ಫಿಲ್ಮನ್ನೂ, ೧೯೨೩ರಲ್ಲಿ ಅಮೆರಿಕದ ಕೋಡಕ್ ಕಂಪೆನಿಯವರು ಹದಿನಾರು ಮಿಲಿಮೀಟರಿನ ಫಿಲ್ಮನ್ನೂ ಹೊರತಂದರು. ಇದು ಇನ್ನೂ ದುಬಾರಿಯೆಂದು ಕಂಡು ಕೋಡಕ್‌ನವರು ೧೯೩೨ರಲ್ಲಿ ಎಂಟು ಮಿಲಿಮೀಟರಿನ ಫಿಲ್ಮನ್ನು ಮಾರಾಟಕ್ಕೆ ತಂದರು. ೧೯೩೫ರಲ್ಲಿ ಕೋಡಕ್ರೋಮ್ ಎಂಬ ಬಣ್ಣದ ಫಿಲ್ಮು ಬಂದಿತು. ೧೯೬೫ರಲ್ಲಿ ‘ಸೂಪರ್ ೮’ ಬಂದ ಮೇಲೆ, ಪೆಟ್ಟಿಗೆಯಂತಹ ಕಾರ್ಟ್ರಿಜನ್ನು ಕ್ಯಾಮೆರಾದೊಳಕ್ಕೆ ತಳ್ಳಿ ಗುಂಡಿಯನ್ನೊತ್ತಿದರೆ ಚಿತ್ರವು ಮೂಡುವಷ್ಟು ಈ ವಿದ್ಯೆಯು ಸುಲಭವಾಯಿತು.

ನಮ್ಮ ನಾಡಿನಲ್ಲಿ ಇದು ಎಲ್ಲರ ಕೈಗೆಟುಕುವ ವಿನೋದವಾಗಿರಲಿಲ್ಲ. ವಿಲಾಯಿತಿಯಲ್ಲಿ ಓದಿ ಹಿಂದಿರುಗಿದ ಡಾಕ್ಟರು, ಕಾಫಿತೋಟದ ಯಜಮಾನರು, ಹವ್ಯಾಸವಿದ್ದ ಇಂಜಿನಿಯರು, ಇಂತಹ ಕೆಲವರ ಬಳಿ ಮಾತ್ರ ಕ್ಯಾಮೆರಾ ಇರುತ್ತಿದ್ದಿತು. ಸೂಪರ್ ೮ ಹುಟ್ಟಿದ ೧೯೬೫ನೆಯ ವರ್ಷದಲ್ಲಿಯೇ ಅಮೆರಿಕ ದೇಶವು ತನ್ನ ವಲಸೆಯ ಕಾನೂನನ್ನು ಸಡಿಲಿಸಿತು. ಆ ಬಳಿಕ ಅಲ್ಲಿಗೆ ಹೋಗಿ ನೆಲೆಸಿದ ಭಾರತೀಯರಲ್ಲಿ ಕನ್ನಡಿಗರೂ ಅನೇಕರು. ರಜೆಯಲ್ಲಿ ಊರಿಗೆ ಬಂದಾಗ ಜಗಲಿಯನ್ನೂ ತುಳಸಿಯ ಕಟ್ಟೆಯನ್ನೂ ಮುದುಕಿಯಾದ ತಾಯಿಯನ್ನೂ ಚಿತ್ರಿಸಿಕೊಂಡು ಹೋದವರು ಅವರಲ್ಲಿ ಇದ್ದರು. ೧೯೮೦ರ ಈಚೆಗೆ ವೀಡಿಯೋ ಟೇಪು ಬಂದು ಈ ಫಿಲ್ಮು ಹಿಂದೆ ಬಿದ್ದಿತು. ಆದಕಾರಣ ಈಗ ಉಳಿದಿರುವ ಸುರುಳಿಗಳಲ್ಲಿ ಬಹುಪಾಲು ನಲವತ್ತರಿಂದ ಎಂಬತ್ತು ವರ್ಷಗಳಷ್ಟು ಹಳೆಯವು.

ಇವು ಮನೆಯವರಿಗಲ್ಲದೆ ಇನ್ನಾರಿಗೆ ಬೇಕು ಎಂದು ಕೇಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರಕಾರವು ತನ್ನ ದೇಶದಲ್ಲಿದ್ದ ಜಪಾನೀಯರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, ಯೂಟಾ ಪ್ರಾಂತದ ಟೋಪಾಜ್ ಎಂಬ ಶಿಬಿರದಲ್ಲಿದ್ದ ಡೇವ್ ಟಾಟ್ಸುನೋ ಎಂಬಾತನು ನಿಷಿದ್ಧವಾಗಿದ್ದ ಎಂಟು ಮಿಲಿಮೀಟರಿನ ಕ್ಯಾಮೆರಾವನ್ನು ಗುಟ್ಟಾಗಿ ತರಿಸಿಕೊಂಡು ಅಲ್ಲಿಯ ಸಂಸಾರಗಳ ದಿನಚರಿಯನ್ನು ಚಿತ್ರಿಸಿದನು. ಅಮೆರಿಕವು ೧೯೯೬ರಲ್ಲಿ ಆ ಚಿತ್ರವನ್ನು ರಾಷ್ಟ್ರೀಯ ಫಿಲ್ಮುಗಳ ಪಟ್ಟಿಗೆ ಸೇರಿಸಿತು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷು ಸಂಸಾರಗಳವರು ತೆಗೆದ ಮನೆಯ ಚಿತ್ರಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದವರು ಕೂಡಿಹಾಕಿ, ಡಿಜಿಟಲ್ ರೂಪಕ್ಕೆ ತಂದು, ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ನಮ್ಮ ನಾಡನ್ನು ಆಳಿದವರು ಕಂಡಂತೆ ನೋಡುವುದಕ್ಕೆ ಸಾಧನವು ಹೀಗೆ ಉಳಿದಿದೆ. ನಮ್ಮ ಮನೆಯವರೇ ಕಂಡಂತೆ ನೋಡುವುದಕ್ಕೆ ನಮ್ಮ ಅಟ್ಟದ ಡಬ್ಬಿಯೇ ಗತಿ. ಫಿಲ್ಮಿನ ವಿಷಯದಲ್ಲಿ ಔದಾಸೀನ್ಯದ ಫಲವೇನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ೧೯೩೪ರಲ್ಲಿ ತೆರೆಕಂಡಿತು. ಈಗ ಅದರ ಒಂದು ಪ್ರತಿಯೂ ಉಳಿದಿಲ್ಲ. ಸಾವಿರಾರು ಜನರು ನೋಡಿದ ಚಿತ್ರಕ್ಕೆ ಈ ಗತಿಯಾದರೆ, ಪ್ರಪಂಚದಲ್ಲಿ ಒಂದೇ ಒಂದು ಪ್ರತಿಯಿರುವ ಮನೆಯ ಸುರುಳಿಯ ಮಾತೇನು!

ಫಿಲ್ಮು ಕೆಡುವ ಬಗೆ

ಮನೆಯ ಫಿಲ್ಮು ಸಾಮಾನ್ಯವಾಗಿ ಅಸಿಟೇಟ್ ಎಂಬ ಪದಾರ್ಥದಿಂದ ಆದದ್ದು. ಇದು ಹಳೆಯ ಸಿನೆಮಾಗಳ ನೈಟ್ರೇಟ್ ಫಿಲ್ಮಿನಂತೆ ಧಗ್ಗನೆ ಹೊತ್ತಿಕೊಳ್ಳುವುದಿಲ್ಲ. ಆದರೆ ಸೆಕೆ ಮತ್ತು ತೇವಗಳ ಸಂಪರ್ಕದಿಂದ ಅಸಿಟೇಟು ಒಡೆದು ಆಮ್ಲವನ್ನು ಬಿಡುವುದು. ವಿನಿಗರಿಗೆ ಹುಳಿಯನ್ನು ಕೊಡುವ ಆಮ್ಲವೇ ಇದು. ಹೀಗೆ ಹುಟ್ಟಿದ ಆಮ್ಲವು ತಾನೇ ಆ ಒಡೆಯುವಿಕೆಯನ್ನು ಮತ್ತಷ್ಟು ತ್ವರೆಗೊಳಿಸುವುದು. ಫಿಲ್ಮು ಕುಗ್ಗುವುದು, ಹಪ್ಪಳದಂತೆ ಸೊಟ್ಟಗಾಗುವುದು, ಕೊನೆಗೆ ಮುಟ್ಟಿದರೆ ಮುರಿಯುವುದು. ಡಬ್ಬಿಯ ಮುಚ್ಚಳವನ್ನು ತೆಗೆದೊಡನೆ ಮೂಗಿಗೆ ಹುಳಿಯ ಘಾಟು ಬಡಿದರೆ ಈ ರೋಗವು ತಗುಲಿತೆಂದೇ ತಿಳಿಯಬೇಕು. ಅಂತಹ ಸುರುಳಿಯನ್ನು ಒಡನೆಯೇ ಉಳಿದವುಗಳಿಂದ ಬೇರೆ ಮಾಡಬೇಕು. ಏಕೆಂದರೆ ಅದರ ಆವಿಯು ಪಕ್ಕದ ಸುರುಳಿಗಳಿಗೂ ಕೇಡು ತರುವುದು.

ನಮ್ಮ ಹವೆಗೂ ಈ ರೋಗಕ್ಕೂ ಹಳೆಯ ಪರಿಚಯವುಂಟು. ಸೆಕೆ ತೇವಗಳಲ್ಲಿ ಇಟ್ಟಿದ್ದ ಭಾರತ ಸರಕಾರದ ಫಿಲ್ಮುಗಳು ಹೀಗೆ ಕೆಟ್ಟುವೆಂದು ೧೯೫೪ರಲ್ಲಿ ಕೋಡಕ್ ಕಂಪೆನಿಗೆ ಹೋದ ದೂರು ಈ ವಿಷಯದ ಅತ್ಯಂತ ಮೊದಲಿನ ವರದಿಗಳಲ್ಲೊಂದು. ಅಮೆರಿಕದ ರಾಚೆಸ್ಟರ್ ನಗರದಲ್ಲಿ ಚಿತ್ರಗಳ ಬಾಳಿಕೆಯನ್ನು ಪರೀಕ್ಷಿಸುವ ಸಂಸ್ಥೆಯೊಂದಿದೆ. ಹೊಸ ಅಸಿಟೇಟ್ ಫಿಲ್ಮು ೨೧ ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ, ಗಾಳಿಯ ತೇವವು ಶೇಕಡಾ ೫೦ ಇರುವಲ್ಲಿ, ರೋಗವು ತಲೆದೋರದೆ ಸುಮಾರು ನಲವತ್ತು ವರ್ಷ ಬಾಳುವುದೆಂದು ಆ ಸಂಸ್ಥೆಯವರ ಗಣನೆ. ಮಂಗಳೂರು ಕಾರವಾರಗಳ ಮಳೆಗಾಲವನ್ನೂ, ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಅಟ್ಟದ ಸೆಕೆಯನ್ನೂ ಕಂಡವರು ಅವಧಿಯು ಎಷ್ಟು ಕಡಿಮೆಯಾಗುವುದೆಂಬುದನ್ನು ಊಹಿಸಿಕೊಳ್ಳಬಹುದು. ಇದಲ್ಲದೆ ಚಿತ್ರವನ್ನು ಹಿಡಿದಿರುವ ಜೆಲಟಿನ್ ಲೇಪವು ಬೂಷ್ಟಿಗೆ ಒಳ್ಳೆಯ ಆಹಾರ. ಬಣ್ಣಗಳಾದರೋ ಫಿಲ್ಮಿನ ಜಾತಿಯಂತೆ ಇರುವುವು; ಕೋಡಕ್ರೋಮಿನ ಬಣ್ಣವು ಕತ್ತಲಲ್ಲಿಟ್ಟರೆ ಬಹುಕಾಲ ನಿಲ್ಲುವುದು, ಬೇರೆ ಹಲವು ಫಿಲ್ಮುಗಳು ಮಾಸಿ ಗುಲಾಬಿಯ ಛಾಯೆಗೆ ತಿರುಗುವುವು.

ಮೊದಲು ಮಾಡತಕ್ಕದ್ದು

ಡಬ್ಬಿಯು ಸಿಕ್ಕಿದೊಡನೆ ಹಳೆಯ ಪ್ರೊಜೆಕ್ಟರನ್ನು ಹುಡುಕಿ ತಂದು ಓಡಿಸಿಬಿಡಬೇಕೆಂಬ ಚಪಲವುಂಟಾಗುವುದು ಸಹಜ. ಅದನ್ನು ತಡೆದುಕೊಳ್ಳಬೇಕು. ಕುಗ್ಗಿದ ಫಿಲ್ಮಿನ ರಂಧ್ರಗಳಿಗೂ ಯಂತ್ರದ ಹಲ್ಲುಗಳಿಗೂ ಅಂತರವು ಹೊಂದದೆ ಫಿಲ್ಮು ಹರಿದುಹೋಗುವುದು. ಅಡ್ಡ ಸಿಕ್ಕಿ ನಿಂತರೆ ದೀಪದ ಶಾಖಕ್ಕೆ ಕರಗುವುದು. ಶುಭ್ರವಾದ ಒಣಗಿದ ಕೈಯಿಂದ ಅಂಚುಗಳನ್ನು ಮಾತ್ರ ಹಿಡಿದು, ಮೊದಲ ಒಂದೆರಡು ಅಡಿಗಳನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ಸಾಕು. ನೀರಿನಿಂದ ಎಂದಿಗೂ ಒರಸಬಾರದು.

ಯಾವ ಬಗೆಯ ಫಿಲ್ಮೆಂಬುದನ್ನು ತಿಳಿಯುವುದು ಕಷ್ಟವಲ್ಲ. ರಂಧ್ರಗಳು ನಟ್ಟನಡುವೆ ಇದ್ದರೆ ಒಂಬತ್ತೂವರೆ ಮಿಲಿಮೀಟರು. ಅಗಲವು ಬೆರಳಿನಷ್ಟಿದ್ದು ಒಂದು ಅಥವಾ ಎರಡು ಅಂಚಿನಲ್ಲಿ ರಂಧ್ರಗಳಿದ್ದರೆ ಹದಿನಾರು. ಅದರ ಅರ್ಧದಷ್ಟು ಅಗಲವಿದ್ದು, ರಂಧ್ರವು ದೊಡ್ಡದಾಗಿ ಎರಡು ಚಿತ್ರಗಳ ಸಂಧಿಯಲ್ಲಿದ್ದರೆ ಹಳೆಯ ಎಂಟು. ರಂಧ್ರವು ಚಿಕ್ಕದಾಗಿ ಚಿತ್ರದ ಮಧ್ಯಕ್ಕೆ ಎದುರಾಗಿದ್ದರೆ ಸೂಪರ್ ೮. ಸೂಪರ್ ೮ರ ಅಂಚಿನಲ್ಲಿ ಕಂದುಬಣ್ಣದ ಸಣ್ಣ ಪಟ್ಟಿಯು ಕಂಡುಬಂದರೆ ಅದರಲ್ಲಿ ಧ್ವನಿಯೂ ಇರಬಹುದು. ಕೆಲಸ ಮಾಡುವವರಿಗೆ ಅದನ್ನು ಮೊದಲೇ ತಿಳಿಸಬೇಕು, ಇಲ್ಲವಾದರೆ ಅಜ್ಜಿಯ ಹಾಡು ಮೂಕಚಿತ್ರವಾಗಿ ಹಿಂದಿರುಗೀತು. ಡಬ್ಬಿಯ ಮೇಲಿನ ಚೀಟಿ, ಅಂಚೆಯ ಮುದ್ರೆ, ಕೈಬರಹ ಇವೊಂದನ್ನೂ ಎಸೆಯಬಾರದು. ಊರು ಮತ್ತು ವರ್ಷಗಳನ್ನು ಗೊತ್ತುಮಾಡುವುದಕ್ಕೆ ಅವೇ ಶಾಸನಗಳು.

ರೂಪಾಂತರದ ಕ್ರಮ

ಫಿಲ್ಮನ್ನು ಡಿಜಿಟಲ್ ರೂಪಕ್ಕೆ ತರುವುದರಲ್ಲಿ ಎರಡು ಮಾರ್ಗಗಳಿವೆ. ಮೊದಲನೆಯದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟ ಚಿತ್ರವನ್ನು ಇನ್ನೊಂದು ಕ್ಯಾಮೆರಾದಿಂದ ಹಿಡಿಯುವುದು. ಇದು ಅಗ್ಗ, ಆದರೆ ಚಿತ್ರವು ಮಿಣುಕುವುದು, ನಡುವೆ ಬೆಳಕು ಹೆಚ್ಚಾಗಿ ಅಂಚುಗಳು ಕಪ್ಪಾಗುವುವು. ಎರಡನೆಯದು ಸ್ಕ್ಯಾನರ್ ಎಂಬ ಯಂತ್ರದ ಮಾರ್ಗ. ಇದರಲ್ಲಿ ಹಲ್ಲಿನ ಚಕ್ರಗಳಿಲ್ಲದೆ ನುಣುಪಾದ ಉರುಳೆಗಳ ಮೇಲೆ ಫಿಲ್ಮು ಮೆಲ್ಲನೆ ಸಾಗುವುದು. ಬಿಸಿಯಿಲ್ಲದ ಎಲ್‌ಇಡಿ ಬೆಳಕಿನಲ್ಲಿ ಒಂದೊಂದು ಚಿತ್ರವೂ ಬೇರೆ ಬೇರೆಯಾಗಿ ತೆಗೆಯಲ್ಪಡುವುದು. ಕುಗ್ಗಿದ ಫಿಲ್ಮಿಗೂ ಹೆಚ್ಚಿನ ಅಪಾಯವಿಲ್ಲ. ಐವತ್ತು ಅಡಿಯ ಒಂದು ಸೂಪರ್ ೮ ಸುರುಳಿಯಲ್ಲಿ ೩,೬೦೦ ಚಿತ್ರಗಳಿರುವುವು. ಸೆಕೆಂಡಿಗೆ ಹದಿನೆಂಟರಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಹಳೆಯ ಎಂಟು ಮಿಲಿಮೀಟರಿಗೆ ಸೆಕೆಂಡಿಗೆ ಹದಿನಾರು ಚಿತ್ರಗಳು ವಾಡಿಕೆ. ಈ ವೇಗವನ್ನು ಗಮನಿಸದೆ ಇಪ್ಪತ್ತನಾಲ್ಕರಂತೆ ಓಡಿಸಿದರೆ ನಮ್ಮ ಅಜ್ಜಂದಿರೆಲ್ಲರೂ ಕೀಲುಗೊಂಬೆಗಳಂತೆ ಓಡಾಡುವರು.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಹಳೆಯ ಎಂಟು ಮಿಲಿಮೀಟರಿನ ಒಂದು ಚಿತ್ರವು ಸುಮಾರು ಐದು ಮಿಲಿಮೀಟರು ಅಗಲ, ಮೂರೂವರೆ ಮಿಲಿಮೀಟರು ಎತ್ತರ. ಪ್ರೊಜೆಕ್ಟರಿನ ಕಿಂಡಿಯು ಇದಕ್ಕಿಂತಲೂ ಚಿಕ್ಕದಾದುದರಿಂದ ಸುತ್ತಣ ಅಂಚು ಅದರಲ್ಲಿ ಮರೆಯಾಗುವುದು. ಗೋಡೆಯ ಮೇಲಿನ ಚಿತ್ರವನ್ನು ಹಿಡಿಯುವವನು ಅಂಚಿನ ಕಪ್ಪನ್ನು ಬಿಡುವುದಕ್ಕಾಗಿ ಮತ್ತಷ್ಟನ್ನು ಕತ್ತರಿಸುವನು. ಈಗಿನ ಅಗಲವಾದ ಟೆಲಿವಿಷನ್ನಿಗೆ ತುಂಬಿಸಬೇಕೆಂದು ಹೊರಟರಂತೂ ಚಿತ್ರದ ಎತ್ತರದಲ್ಲಿ ಕಾಲುಪಾಲು ಹೋಗುವುದು. ಇಷ್ಟರಿಂದ ಏನು ಮಹಾ ನಷ್ಟವೆನ್ನುವವರಿಗೆ ನಾವು ಕಣ್ಣಾರೆ ಕಂಡದ್ದನ್ನು ಹೇಳುವೆವು.

ನಮಗೆ ಬಳಕೆಯ ಒಂದು ಮನೆಯಲ್ಲಿ ೧೯೫೮ರ ಮದುವೆಯೊಂದರ ಬಣ್ಣದ ಸುರುಳಿಯಿದ್ದಿತು. ವಧುವಿನ ಸೋದರಮಾವಂದಿರು ತೆಗೆದದ್ದು. ಮಕ್ಕಳು ಮೊದಲು ಅದನ್ನು ಗೋಡೆಯ ಮಾರ್ಗದಿಂದಲೇ ಪ್ರತಿಮಾಡಿಸಿದರು. ಚಪ್ಪರ, ಧಾರೆ, ಬೀಗರ ಸಾಲು ಎಲ್ಲವೂ ಬಂದಿದ್ದುವು. ಇನ್ನು ಈ ಡಬ್ಬಿಯೇಕೆಂದು ಹೊರಗೆ ಹಾಕಲಿದ್ದವರನ್ನು ನಾವು ತಡೆದು, ಮೂಲವು ಮೂಲವೇ, ಇರಲಿ ಎಂದೆವು. ಕೆಲವು ವರ್ಷಗಳ ಬಳಿಕ ಅದೇ ಸುರುಳಿಯನ್ನು ಸ್ಕ್ಯಾನರ್ ಉಳ್ಳವರಲ್ಲಿ ಕೊಟ್ಟು, ರಂಧ್ರಗಳೂ ಕಾಣುವಂತೆ ಅಂಚಿನವರೆಗೆ ಪ್ರತಿಮಾಡಿಸಿದರು. ಅದನ್ನು ನೋಡುವ ದಿನ ನಾವೂ ಅಲ್ಲಿದ್ದೆವು. ಆರತಿಯ ವೇಳೆಯಲ್ಲಿ, ಎಡದ ಕೊನೆಯಂಚಿನ ಕಂಬದ ಹಿಂದೆ, ಕೆಂಪು ಸೀರೆಯ ಸೆರಗನ್ನು ತಲೆತುಂಬ ಹೊದ್ದ ಒಬ್ಬ ಹೆಂಗಸು ಕೊಳಗವನ್ನು ಹಿಡಿದು ಬಂದು ನಿಂತು, ಹಸೆಯ ಕಡೆಗೆ ನೋಡಿ, ಸೆರಗಿನಿಂದ ಕಣ್ಣೊರಸಿಕೊಂಡು ಒಳಕ್ಕೆ ಹೋದಳು. ನಾಲ್ಕು ಸೆಕೆಂಡು, ಅರುವತ್ತನಾಲ್ಕು ಚಿತ್ರಗಳು. ಯಾರಿಗೂ ಗುರುತು ಹತ್ತಲಿಲ್ಲ. ಮದುವೆಯ ಕಾಲಕ್ಕೆ ಹನ್ನೆರಡು ವರ್ಷದವಳಾಗಿದ್ದು ಈಗ ಎಂಬತ್ತರ ಸಮೀಪದಲ್ಲಿರುವ ವಧುವಿನ ತಂಗಿಯೊಬ್ಬರು ಮಾತ್ರ, “ಇವರು ನಮ್ಮ ಸೋದರತ್ತೆ ಕಣೋ. ನಿಮ್ಮಮ್ಮನ್ನ ಸಾಕಿ ದೊಡ್ಡೋಳು ಮಾಡಿದ್ದು ಇವರೇ” ಎಂದರು.

ಆಕೆ ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡವಳು. ಶುಭಕಾರ್ಯದ ಭಾವಚಿತ್ರಕ್ಕೆ ಅಂತಹವರನ್ನು ನಿಲ್ಲಿಸಿಕೊಳ್ಳದ ಕಾಲವದು. ಮದುವೆಯ ಗುಂಪುಚಿತ್ರದಲ್ಲಿ ಆಕೆಯಿಲ್ಲ. ಮನೆಯ ಬೇರಾವ ಚಿತ್ರದಲ್ಲಿಯೂ ಇಲ್ಲ. ತಾಯಿಯ ಬಾಯಿಂದ ಆ ಹೆಸರನ್ನು ನೂರು ಸಲ ಕೇಳಿದ್ದ ಮಕ್ಕಳು ಮುಖವನ್ನು ಕಂಡದ್ದು ಅಂದೇ ಮೊದಲು. ಆ ತಾಯಿಯಾದರೋ ಗೋಡೆಯ ಪ್ರತಿಯನ್ನು ಮಾತ್ರ ನೋಡಿದ್ದರು. ಎರಡನೆಯ ಪ್ರತಿಯು ಬರುವ ವೇಳೆಗೆ ಅವರು ಇರಲಿಲ್ಲ. ಸಮಾಜವು ಅಂಚಿಗೆ ತಳ್ಳಿದವರನ್ನು ಚಲಚ್ಚಿತ್ರವು ಅಂಚಿನಲ್ಲಿಯಾದರೂ ಹಿಡಿದಿಟ್ಟಿತ್ತು. ಅಂಚನ್ನು ಕತ್ತರಿಸಿದ ಪ್ರತಿಯು ಅದನ್ನೂ ಕಳೆಯಿತು.

ಆದಕಾರಣ ಫಿಲ್ಮನ್ನು ಕೊಡುವುದಕ್ಕೆ ಮುಂಚೆ ಗೃಹಸ್ಥರು ಈ ಪ್ರಶ್ನೆಗಳನ್ನು ಕೇಳಬೇಕು. ಒಂದೊಂದು ಚಿತ್ರವನ್ನೂ ಬೇರೆಯಾಗಿ ತೆಗೆಯುವಿರಾ? ಅಂಚಿನವರೆಗೆ ಪೂರ್ತಿಯಾಗಿ ಬರುವುದೇ? ಹಲ್ಲಿಲ್ಲದ ಯಂತ್ರವೇ? ತೆಗೆಯುವುದಕ್ಕೆ ಮೊದಲು ಫಿಲ್ಮನ್ನು ಪರೀಕ್ಷಿಸಿ, ಬಿಟ್ಟುಹೋದ ಅಂಟುಗಳನ್ನು ಸರಿಪಡಿಸಿ, ಧೂಳನ್ನು ತೆಗೆಯುವಿರಾ? ತಿದ್ದದ ಪ್ರತಿಯನ್ನೂ ಕೊಡುವಿರಾ? ಮೂಲವನ್ನು ಹಿಂದಿರುಗಿಸುವಿರಾ? ಇವುಗಳಿಗೆ ನೇರವಾದ ಉತ್ತರವು ಬರದೆಹೋದರೆ ಬೇರೆಯವರನ್ನು ಹುಡುಕುವುದು ಲೇಸು.

ಮೂಲ, ಪ್ರತಿ, ಪ್ರಕ್ಷಿಪ್ತ

ತಿದ್ದದ ಪ್ರತಿಯನ್ನು ಏಕೆ ಕೇಳಬೇಕೆಂಬುದನ್ನು ಸಂಸ್ಕೃತ ಗ್ರಂಥಗಳ ಚರಿತ್ರೆಯಿಂದ ಚೆನ್ನಾಗಿ ತಿಳಿಯಬಹುದು. ನಮ್ಮ ಗ್ರಂಥಗಳು ಉಳಿದಿರುವುದು ಓಲೆಗರಿಯ ಗಟ್ಟಿತನದಿಂದ ಮಾತ್ರವಲ್ಲ; ಓಲೆಯು ಜೀರ್ಣವಾಗುವ ಮೊದಲೇ ಯಾರೋ ಪುಣ್ಯಾತ್ಮರು ಪ್ರತಿಮಾಡಿದುದರಿಂದ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು ಹಾಗೆ ಬಂದುದೇ. ಆದರೆ ಪ್ರತಿಮಾಡುವವನು ತನ್ನ ಜಾಣ್ಮೆಯನ್ನು ಸೇರಿಸಿದಲ್ಲಿ ‘ಪ್ರಕ್ಷಿಪ್ತ’ಗಳು ಹುಟ್ಟುವುವು. ಪುಣೆಯ ಭಂಡಾರಕರ ಸಂಸ್ಥೆಯವರು ೧೯೧೯ರಿಂದ ೧೯೬೬ರವರೆಗೆ ಮಹಾಭಾರತದ ಪ್ರತಿಗಳನ್ನು ಒಂದಕ್ಕೊಂದು ತಾಳೆನೋಡಿ ಪ್ರಕ್ಷಿಪ್ತಗಳನ್ನು ಬೇರ್ಪಡಿಸಬೇಕಾಯಿತು.

ಈಗಿನ ಕಂಪ್ಯೂಟರುಗಳೂ ಇಂತಹ ಲಿಪಿಕಾರರೇ. ಹದಿನಾರು ಚಿತ್ರಗಳ ನಡುವೆ ಹೊಸವನ್ನು ಕಲ್ಪಿಸಿ ಅರುವತ್ತು ಮಾಡುವುವು. ಕಪ್ಪುಬಿಳುಪಿಗೆ ತಮಗೆ ತೋರಿದ ಬಣ್ಣವನ್ನು ಬಳಿಯುವುವು. ಮಸುಕಾದ ಮುಖಕ್ಕೆ ಕಣ್ಣುಮೂಗುಗಳನ್ನು ತಾವೇ ತಿದ್ದಿ ಇಡುವುವು. ನೋಡುವುದಕ್ಕೆ ಅಂದ, ಆದರೆ ಆ ಮುಖವು ಅಜ್ಜಿಯದೆಂದು ಹೇಳುವ ಹಾಗಿಲ್ಲ. ಸಂತೋಷಕ್ಕಾಗಿ ಒಂದು ಪ್ರತಿಯನ್ನು ಹಾಗೆ ಮಾಡಿಸಿಕೊಳ್ಳಲಿ, ಆಕ್ಷೇಪವಿಲ್ಲ. ಗೀರು ಕಲೆಗಳೊಡನೆ ಇದ್ದುದನ್ನು ಇದ್ದಂತೆಯೇ ತೋರಿಸುವ ಪ್ರತಿಯೊಂದು ಮಾತೃಕೆಯಾಗಿ ಪ್ರತ್ಯೇಕವಾಗಿರಬೇಕು.

ಇಟ್ಟುಕೊಳ್ಳುವ ಬಗೆ

ಡಿಜಿಟಲ್ ಪ್ರತಿಯು ಕೈಗೆ ಬಂದಿತೆಂದರೆ ಅಮೃತತ್ವವು ಬಂದಂತಲ್ಲ. ಚಿತ್ರಗಳನ್ನು ಸ್ವಲ್ಪವೂ ಅಡಕಮಾಡದೆ ಭಂಡಾರಗಳ ರೀತಿಯಲ್ಲಿ ಇಟ್ಟರೆ ಒಂದೊಂದಕ್ಕೂ ಸುಮಾರು ೧೨ ಮೆಗಾಬೈಟು ಬೇಕು. ಮೂರು ನಿಮಿಷದ ಸುರುಳಿಯು ಸುಮಾರು ೪೫ ಗಿಗಾಬೈಟನ್ನು ತುಂಬುವುದು. ಮನೆಯವರಿಗೆ ಇಷ್ಟು ಸಾಧ್ಯವಾಗದಿದ್ದರೆ ಅಲ್ಪವಾಗಿ ಅಡಕಮಾಡಿದ ಉತ್ತಮ ಪ್ರತಿಯನ್ನು ಮಾತೃಕೆಯಾಗಿಯೂ, ಚಿಕ್ಕದೊಂದನ್ನು ನೋಡುವುದಕ್ಕಾಗಿಯೂ ಇಟ್ಟುಕೊಳ್ಳಬಹುದು. ಮೊಬೈಲಿನ ವಾಟ್ಸಾಪಿನಲ್ಲಿ ಬಂದದ್ದನ್ನೇ ಮಾತೃಕೆಯೆಂದು ತಿಳಿಯಬಾರದು. ಅದು ಸಾರವನ್ನು ಹಿಂಡಿದ ಪ್ರತಿ. ಬಲ್ಲವರು ಹೇಳುವ ನಿಯಮವಿದು: ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆ, ಒಂದು ಪ್ರತಿ ಬೇರೆ ಊರಿನಲ್ಲಿ. ಬೆಂಗಳೂರಿನ ಮಗನಲ್ಲೊಂದು, ಹುಬ್ಬಳ್ಳಿಯ ಮಗಳಲ್ಲೊಂದು ಇದ್ದರೆ ಒಂದು ಮನೆಯ ನೆರೆಗೂ ಬೆಂಕಿಗೂ ಅಂಜಬೇಕಾದುದಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನವೆಂದಿಟ್ಟುಕೊಂಡರೆ ಮರೆಯುವುದಿಲ್ಲ, ಹಾರ್ಡ್ ಡಿಸ್ಕನ್ನು ತೆರೆದು ನೋಡಿ, ಐದಾರು ವರ್ಷಗಳಿಗೊಮ್ಮೆ ಹೊಸತಕ್ಕೆ ವರ್ಗಾಯಿಸಬೇಕು.

ಫಿಲ್ಮನ್ನಂತೂ ಎಸೆಯಬಾರದು. ಮುಂದೆ ಇನ್ನೂ ಉತ್ತಮವಾದ ಯಂತ್ರಗಳು ಬಂದಾವು. ಅವುಗಳಿಗೂ ಬೇಕಾದುದು ಮೂಲವೇ. ಅಟ್ಟವನ್ನೂ ಬಚ್ಚಲಿನ ಗೋಡೆಯನ್ನೂ ಬಿಟ್ಟು, ಮನೆಯಲ್ಲಿ ಅತ್ಯಂತ ತಂಪಾದ ಒಣಗಿದ ಕೋಣೆಯಲ್ಲಿ, ನೆಲದಿಂದ ಮೇಲೆ, ಸುರುಳಿಗಳನ್ನು ಅಡ್ಡಡ್ಡಲಾಗಿ ಮಲಗಿಸಿ ಇಡಬೇಕು.

ಹೆಸರುಗಳ ವಿಚಾರ

ಕೊನೆಯದಾಗಿ ಒಂದು ಮಾತು. ಫಿಲ್ಮಿನ ಆಯುಸ್ಸಿಗಿಂತಲೂ ಚಿಕ್ಕದಾದದ್ದು ಅದನ್ನು ಗುರುತಿಸಬಲ್ಲವರ ಆಯುಸ್ಸು. ಹೆಸರು ತಿಳಿಯದ ಮುಖಗಳ ಚಿತ್ರವು ಎಷ್ಟು ಸ್ವಚ್ಛವಾಗಿದ್ದರೂ ಮನೆಯವರಿಗೆ ಪರದೇಶದ ಜಾತ್ರೆಯಂತೆ. ಪ್ರತಿಯು ಬಂದ ವಾರದಲ್ಲಿಯೇ ಹಿರಿಯರನ್ನು ಕೂರಿಸಿಕೊಂಡು, ಮೆಲ್ಲನೆ, ನಿಲ್ಲಿಸಿ ನಿಲ್ಲಿಸಿ ತೋರಿಸಬೇಕು. ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಯಾಗಿ ಹಿಡಿಯಲಿ. ಮನೆಯ ಮಕ್ಕಳಲ್ಲೊಬ್ಬರು ನೋಟುಬುಕ್ಕಿನಲ್ಲಿ ಇಂತಹ ನಿಮಿಷ, ಇಂತಹ ಸೆಕೆಂಡು, ಎಡದಿಂದ ಮೊದಲನೆಯವರು ಇಂತಹವರು, ನಮಗೆ ಇಂತಹ ಸಂಬಂಧ ಎಂದು ಬರೆಯಲಿ. ನೆಂಟರನ್ನು ಮಾತ್ರವಲ್ಲ, ಅಡಿಗೆಯವರು, ವಾಲಗದವರು, ಹೊಲದಿಂದ ಬಂದ ಆಳು, ಬಾಗಿಲಲ್ಲಿ ನಿಂತ ನೆರೆಮನೆಯ ಹುಡುಗಿ ಇವರನ್ನೂ ಕೇಳಿ ಬರೆಯಬೇಕು. ಈ ಬರಹದ ಒಂದೊಂದು ಪ್ರತಿಯು ಚಿತ್ರದ ಒಂದೊಂದು ಪ್ರತಿಯೊಡನೆ ಇರಬೇಕು. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಆದರೆ ಹಣದಿಂದ ಆಮೇಲೆ ಕೊಳ್ಳುವುದಕ್ಕಾಗದ ವಸ್ತುವೆಂದರೆ ಇದೊಂದೇ.

ಮುಂದಿನ ಹಬ್ಬಕ್ಕೆ ಮನೆಯನ್ನು ಸಾರಿಸಿ ಗುಡಿಸುವಾಗ ವಾಚಕರು ಅಟ್ಟದ ಮೂಲೆಯನ್ನೊಮ್ಮೆ ನೋಡಲಿ. ಡಬ್ಬಿಯು ಸಿಕ್ಕಿದರೆ ಮೊದಲು ಮೂಸಿ ನೋಡಲಿ. ಅನಂತರ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರು ಯಾರೆಂದು ನೆನೆದು, ಅವರಿಗೆ ಅಂದೇ ಒಂದು ಮಾತು ಹೇಳಿಕಳುಹಿಸಲಿ.